ಟೂರ್ನಮೆಂಟ್ ಸೋತ ಮೇಲೆ ಏನು ಮಾಡಬೇಕು: ಹವ್ಯಾಸಿ ಕ್ರಿಕೆಟ್ ತಂಡಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಹವ್ಯಾಸಿ ಕ್ರಿಕೆಟ್ ಎಂದರೆ ಬಹುಪಾಲು ವಾರಾಂತ್ಯದ ಟೆನಿಸ್ ಬಾಲ್ ಟೂರ್ನಮೆಂಟ್. ಕರಾವಳಿಯ ಶಾಲಾ ಮೈದಾನಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಗಳಿಂದ ಹಿಡಿದು ಬೆಂಗಳೂರಿನ ಬಡಾವಣೆಗಳ ಲೀಗ್‌ಗಳವರೆಗೆ, ಕಚೇರಿ ತಂಡಗಳ ಕಪ್‌ನಿಂದ ಹಿಡಿದು ಹರಾಜು ಹಾಕಿ ತಂಡ ಕಟ್ಟುವ ಊರಿನ ಪ್ರೀಮಿಯರ್ ಲೀಗ್‌ಗಳವರೆಗೆ ಇವುಗಳ ಸ್ವರೂಪ ಬೇರೆ ಬೇರೆಯಾದರೂ ಲೆಕ್ಕ ಒಂದೇ. 16 ತಂಡಗಳ ನಾಕೌಟ್ ಟೂರ್ನಿಯಲ್ಲಿ 15 ತಂಡಗಳು ಸೋತೇ ಮನೆಗೆ ಹೋಗುತ್ತವೆ, ಅವುಗಳಲ್ಲಿ 8 ತಂಡಗಳು ಮೊದಲ ಪಂದ್ಯದಲ್ಲೇ ಹೊರಬೀಳುತ್ತವೆ. ಎರಡು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಮಾಡಿದ ಅಭ್ಯಾಸ, ಕೈಯಿಂದ ಹಾಕಿದ ಪ್ರವೇಶ ಶುಲ್ಕ, ಹೆಸರು ಹಾಕಿಸಿದ ಜೆರ್ಸಿ, ಇವೆಲ್ಲವೂ ಒಂದೂವರೆ ಗಂಟೆಯ ಒಂದು ಪಂದ್ಯದಲ್ಲಿ ಮುಗಿದುಹೋಗುತ್ತವೆ.

ವೃತ್ತಿಪರ ಆಟಗಾರನಿಗೆ ಸೋತ ಮರುದಿನವೂ ತರಬೇತುದಾರರಿರುತ್ತಾರೆ, ಫಿಸಿಯೋ ಇರುತ್ತಾರೆ, ಮುಂದಿನ ಪಂದ್ಯದ ದಿನಾಂಕವೂ ನಿಗದಿಯಾಗಿರುತ್ತದೆ. ಹವ್ಯಾಸಿಗೆ ಇರುವುದು ಸೋಮವಾರದ ಕೆಲಸ ಮತ್ತು ತಂಡದ ವಾಟ್ಸಾಪ್ ಗ್ರೂಪ್ ಮಾತ್ರ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ, ಇಲ್ಲಿ ಕ್ಯಾಚ್ ಕೈಬಿಟ್ಟವನು ಪಕ್ಕದ ಮನೆಯ ಹುಡುಗನಾಗಿರುತ್ತಾನೆ, ಕೊನೆಯ ಓವರ್‌ನಲ್ಲಿ ರನ್ ಕೊಟ್ಟವನು ಚಿಕ್ಕಪ್ಪನ ಮಗನೋ ಪಕ್ಕದ ಮೇಜಿನ ಸಹೋದ್ಯೋಗಿಯೋ ಆಗಿರುತ್ತಾನೆ. ಹವ್ಯಾಸಿ ತಂಡಗಳು ಒಡೆಯುವುದು ಸೋಲಿನಿಂದಲ್ಲ, ಸೋಲನ್ನು ಒಬ್ಬನ ತಲೆಗೆ ಕಟ್ಟುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯೂ ಆ ಒಂದು ಅಪಾಯವನ್ನು ತಪ್ಪಿಸುವ ಕಡೆಗೇ ಇದೆ.

ಹೆಜ್ಜೆ 1: ಮೈದಾನ ಬಿಡುವ ಮುನ್ನ

ಕೊನೆಯ ಎಸೆತ ಮುಗಿದ ಕೂಡಲೇ ಎದುರಾಳಿ ತಂಡದ ಎಲ್ಲರಿಗೂ, ಇಬ್ಬರೂ ಅಂಪೈರ್‌ಗಳಿಗೂ, ಸ್ಕೋರರ್‌ಗೂ ಕೈಕುಲುಕಿ ಬನ್ನಿ. ಮನಸ್ಸಿಲ್ಲದಿದ್ದರೂ ಮಾಡಿ. ಆ ಎರಡು ನಿಮಿಷಗಳಲ್ಲಿ ಬೇರೇನನ್ನೂ ಮಾತನಾಡುವ ಅವಕಾಶವಿರುವುದಿಲ್ಲ, ಸೋತ ಮರುಕ್ಷಣದಲ್ಲಿ ತಂಡಕ್ಕೆ ಬೇಕಾದದ್ದೂ ಅದೇ. ಫೈನಲ್‌ನಲ್ಲಿ ಸೋತಿದ್ದರೆ ರನ್ನರ್ ಅಪ್ ಟ್ರೋಫಿ ಪಡೆಯಲು ತಂಡ ಪೂರ್ತಿಯಾಗಿ ವೇದಿಕೆಯ ಬಳಿ ನಿಲ್ಲಬೇಕು. ನಾಯಕನೊಬ್ಬನನ್ನೇ ಕಳಿಸಿ ಉಳಿದವರು ಬೈಕ್ ಹತ್ತುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಹಾಗೆ ಹೊರಟವರಲ್ಲಿ ಕೆಲವರು ಮುಂದಿನ ಅಭ್ಯಾಸಕ್ಕೂ ಬರುವುದಿಲ್ಲ.

ಆಮೇಲೆ ತಂಡ ಒಂದು ಕಡೆ ಸೇರಿ ವೃತ್ತಾಕಾರವಾಗಿ ಕುಳಿತುಕೊಳ್ಳಲಿ. ನಾಯಕ ಇಲ್ಲಿ ವಿಶ್ಲೇಷಣೆಗೆ ಇಳಿಯಬಾರದು. ಎದುರಾಳಿಗಳು ಚೆನ್ನಾಗಿ ಆಡಿದ್ದರೆ ಅದನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು, ಪಂದ್ಯದ ಬಗ್ಗೆ ಯಾವ ದಿನ ಕುಳಿತು ಮಾತನಾಡುತ್ತೇವೆ ಎಂಬುದನ್ನು ತಿಳಿಸಿದರೆ ಸಾಕು. ‘ಬುಧವಾರ ಮಾತಾಡೋಣ’ ಎಂದು ದಿನ ಗೊತ್ತುಮಾಡಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ನಡೆಯುವ ಪಿಸುಮಾತುಗಳು ತಾವಾಗಿಯೇ ಕಡಿಮೆಯಾಗುತ್ತವೆ. ಹಾಗೆಯೇ ಯಾರು ಯಾರ ಜೊತೆ ಮನೆಗೆ ಹೋಗುತ್ತಾರೆ ಎಂಬುದನ್ನೂ ಅಲ್ಲಿಯೇ ನಿರ್ಧರಿಸಿ. ರಾತ್ರಿ ಟೂರ್ನಿಗಳು ಬೆಳಗಿನ ಜಾವ ಮೂರು, ನಾಲ್ಕು ಗಂಟೆಯವರೆಗೂ ಎಳೆಯುತ್ತವೆ. ನಿದ್ದೆಗೆಟ್ಟು, ಬೇಸರದಲ್ಲಿ ಒಬ್ಬನೇ ಬೈಕ್ ಓಡಿಸಿಕೊಂಡು ಹೆದ್ದಾರಿಯಲ್ಲಿ ಹೋಗುವುದು ಪಂದ್ಯ ಸೋಲುವುದಕ್ಕಿಂತ ಸಾವಿರ ಪಾಲು ಗಂಭೀರವಾದ ವಿಷಯ. ಹೆಚ್ಚು ಕುಗ್ಗಿರುವವನನ್ನು ಒಂಟಿಯಾಗಿ ಕಳಿಸಬೇಡಿ.

ಹೆಜ್ಜೆ 2: ಅಂಪೈರ್ ತೀರ್ಪಿನ ಬಗ್ಗೆ ಅಸಮಾಧಾನವಿದ್ದರೆ

ಹವ್ಯಾಸಿ ಟೂರ್ನಿಗಳ ಅರ್ಧ ಜಗಳಗಳು ಹುಟ್ಟುವುದು ರನೌಟ್, ಸೊಂಟದೆತ್ತರದ ಫುಲ್‌ಟಾಸ್ ಮತ್ತು ಬೌಂಡರಿ ಗೆರೆಯ ಕ್ಯಾಚ್‌ಗಳಲ್ಲಿ. ಅಂಪೈರ್ ಆಗಿ ನಿಂತವರು ಹಲವೆಡೆ ಇನ್ನೊಂದು ತಂಡದ ಆಟಗಾರರೇ ಆಗಿರುತ್ತಾರೆ, ಮರುಪರಿಶೀಲನೆಯ ವ್ಯವಸ್ಥೆ ಇರುವುದಿಲ್ಲ. ಆದ್ದರಿಂದ ಆಕ್ಷೇಪಣೆಗೆ ಒಂದು ಕ್ರಮ ಇಟ್ಟುಕೊಳ್ಳಿ. ನಾಯಕನೊಬ್ಬನೇ ಮಾತನಾಡಬೇಕು, ಅಂಪೈರ್ ಜೊತೆ ವಾದಿಸದೆ ಸಂಘಟಕರ ಬಳಿ ಹೋಗಬೇಕು, ಟೂರ್ನಿಯ ಆರಂಭದಲ್ಲಿ ಕೊಟ್ಟ ನಿಯಮಾವಳಿಯ ಯಾವ ಅಂಶ ಮುರಿದಿದೆ ಎಂಬುದನ್ನು ತೋರಿಸಬೇಕು, ಮುಂದಿನ ಪಂದ್ಯ ಶುರುವಾಗುವ ಮೊದಲು ಅದನ್ನು ಮುಗಿಸಬೇಕು. ನಿಯಮದ ಪ್ರಶ್ನೆ ಇದ್ದರೆ, ಉದಾಹರಣೆಗೆ ಒಬ್ಬ ಬೌಲರ್ ತನ್ನ ಪಾಲಿಗಿಂತ ಒಂದು ಓವರ್ ಹೆಚ್ಚು ಎಸೆದಿದ್ದರೆ, ಆಕ್ಷೇಪಣೆಯಲ್ಲಿ ಅರ್ಥವಿದೆ. ಚೆಂಡು ಬ್ಯಾಟಿಗೆ ತಾಗಿತೋ ಇಲ್ಲವೋ ಎಂಬಂತಹ ಕಣ್ಣಳತೆಯ ತೀರ್ಪಾಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ತೀರ್ಪಿನ ವಿಷಯ ಬಂದಾಗ ಗುಂಡಪ್ಪ ವಿಶ್ವನಾಥ್ ಅವರನ್ನು ನೆನೆಯದೆ ಮುಂದೆ ಹೋಗುವುದು ಕನ್ನಡಿಗರಿಗೆ ಕಷ್ಟ. 1980ರ ಫೆಬ್ರುವರಿಯಲ್ಲಿ ವಾಂಖೆಡೆಯಲ್ಲಿ ನಡೆದ ಜ್ಯೂಬಿಲಿ ಟೆಸ್ಟ್‌ನಲ್ಲಿ ಅವರು ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಎಂದು ಘೋಷಿಸಿದರೂ ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಮನಗಂಡ ವಿಶ್ವನಾಥ್, ಟೇಲರ್ ಅವರನ್ನು ಆಡಲು ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಸೋಲಿನ ಅಂತರವನ್ನು ಇಂದು ಅಂಕಿಅಂಶ ಹುಡುಕುವವರಷ್ಟೇ ನೆನಪಿಟ್ಟಿದ್ದಾರೆ. ಟೇಲರ್ ಅವರನ್ನು ಮರಳಿ ಕರೆದ ಸಂಗತಿಯನ್ನು ಕ್ರಿಕೆಟ್ ನೋಡುವ ಪ್ರತಿ ಮನೆಯಲ್ಲೂ ಹೇಳುತ್ತಾರೆ.

ಹೆಜ್ಜೆ 3: ಆ ರಾತ್ರಿ ಮತ್ತು ಮರುದಿನ

ಪಂದ್ಯದ ಉದ್ವೇಗ ದೇಹದಿಂದ ಇಳಿಯಲು ಗಂಟೆಗಳು ಬೇಕು. ಹಾಸಿಗೆಯಲ್ಲಿ ಮಲಗಿದರೂ ಅದೇ ಎಸೆತ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಸಹಜ. ಅದನ್ನು ದೌರ್ಬಲ್ಯವೆಂದು ಭಾವಿಸಬೇಕಾಗಿಲ್ಲ. ಮೊದಲು ನೀರು ಕುಡಿಯಿರಿ, ಬಿಸಿಲಿನಲ್ಲಿ ಆಡಿದ್ದರೆ ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಒಳ್ಳೆಯದು, ಹಸಿವಿಲ್ಲದಿದ್ದರೂ ಸ್ವಲ್ಪ ಅನ್ನ ಸಾರು ಊಟ ಮಾಡಿ. ಸೋಲಿನ ರಾತ್ರಿಯ ಮದ್ಯದ ಕೂಟಗಳನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ, ಏಕೆಂದರೆ ಎರಡನೇ ಗ್ಲಾಸಿನ ಹೊತ್ತಿಗೆ ಮಾತು ಕ್ಯಾಚ್ ಬಿಟ್ಟವನ ಕಡೆಗೇ ತಿರುಗುತ್ತದೆ, ಅಲ್ಲಿ ಆಡಿದ ಮಾತನ್ನು ಬೆಳಿಗ್ಗೆ ಹಿಂದಕ್ಕೆ ಪಡೆಯಲಾಗುವುದಿಲ್ಲ. ಮೈಕೈ ನೋವು ಪಂದ್ಯ ಮುಗಿದ ಒಂದರಿಂದ ಮೂರು ದಿನಗಳವರೆಗೆ ಹೆಚ್ಚಾಗಿರುತ್ತದೆ, ಆ ಅವಧಿಯಲ್ಲಿ ಮನಸ್ಸೂ ಜಡವಾಗಿರುವುದರಿಂದ ‘ಇನ್ನು ಆಟ ಸಾಕು’ ಎಂಬಂತಹ ನಿರ್ಧಾರಗಳನ್ನು ಮುಂದಕ್ಕೆ ಹಾಕಿ.

ವಾಟ್ಸಾಪ್ ಗ್ರೂಪ್ ಬಗ್ಗೆ ನಾಯಕ ಎಚ್ಚರವಾಗಿರಬೇಕು. ಗ್ರೂಪ್‌ನಲ್ಲಿ ಮೊದಲು ಬೀಳುವ ಸಂದೇಶ ಯಾವ ಧಾಟಿಯಲ್ಲಿರುತ್ತದೆಯೋ ಮುಂದಿನವೆಲ್ಲ ಅದೇ ಧಾಟಿಯಲ್ಲಿ ಸಾಗುತ್ತವೆ. ಆದ್ದರಿಂದ ಅದು ನಾಯಕನದ್ದೇ ಆಗಿರಲಿ, ಹೀಗೆ ಸರಳವಾಗಿರಲಿ: ‘ಎಲ್ಲರೂ ಮನೆ ತಲುಪಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ. ಕಿಟ್ ಬ್ಯಾಗ್ ನನ್ನ ಹತ್ತಿರ ಇದೆ. ಪಂದ್ಯದ ಮಾತು ಬುಧವಾರ ಸಂಜೆ ಏಳಕ್ಕೆ, ಅಲ್ಲಿಯವರೆಗೆ ಯಾರೂ ಇಲ್ಲಿ ಬರೆಯುವುದು ಬೇಡ.’ ಧ್ವನಿ ಸಂದೇಶಗಳನ್ನು ಆ ರಾತ್ರಿ ಕಳಿಸಲೇಬೇಡಿ. ನಿರ್ಣಾಯಕ ಕ್ಷಣದ ವಿಡಿಯೊ ತುಣುಕನ್ನು ಗ್ರೂಪ್‌ನಲ್ಲಾಗಲಿ ಸ್ಟೇಟಸ್‌ನಲ್ಲಾಗಲಿ ಹಾಕುವುದು ಕ್ರೂರತನ. ಅದರಲ್ಲಿರುವ ಆಟಗಾರ ಆ ದೃಶ್ಯವನ್ನು ಈಗಾಗಲೇ ಸಾಕಷ್ಟು ಸಲ ನೋಡಿಯಾಗಿರುತ್ತದೆ.

ನಿದ್ದೆ ಬಾರದಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಂಡು ಹದಿನೈದು ಇಪ್ಪತ್ತು ನಿಮಿಷ ಬರೆಯಿರಿ. ಏನಾಯಿತು, ಆಗ ಏನನ್ನಿಸಿತು, ಈಗ ಏನನ್ನಿಸುತ್ತಿದೆ ಎಂಬುದನ್ನು ತಿದ್ದದೆ ಬರೆಯುವ ಈ ಪದ್ಧತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಮೂರು ನಾಲ್ಕು ದಿನ ಸತತವಾಗಿ ಬರೆಯುವುದು ಅವರ ಕ್ರಮ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಹೆಜ್ಜೆ 4: ಕ್ಯಾಚ್ ಬಿಟ್ಟವನ ಜೊತೆ ಮಾತು

ಈ ಹೆಜ್ಜೆಯನ್ನು ನಾಯಕ ಯಾರಿಗೂ ವಹಿಸಬಾರದು, ಮರುದಿನ ಸಂಜೆಯೊಳಗೆ ತಾನೇ ಮಾಡಬೇಕು. ಕ್ಯಾಚ್ ಬಿಟ್ಟವನು ಎಂದು ಇಲ್ಲಿ ಹೇಳುತ್ತಿದ್ದರೂ, ಕೊನೆಯ ಓವರ್ ಎಸೆದವನು, ಜೊತೆಗಾರನನ್ನು ರನೌಟ್ ಮಾಡಿಸಿದವನು, ಕೊನೆಯ ಎಸೆತಕ್ಕೆ ಬ್ಯಾಟ್ ತಾಗಿಸಲಾಗದವನು, ಎಲ್ಲರಿಗೂ ಇದು ಅನ್ವಯಿಸುತ್ತದೆ. ಸಂದೇಶ ಕಳಿಸಬೇಡಿ, ಫೋನ್ ಮಾಡಿ ಅಥವಾ ಮನೆಗೆ ಹೋಗಿ.

‘ಪರವಾಗಿಲ್ಲ ಬಿಡು’ ಎಂಬ ಮಾತು ಒಳ್ಳೆಯ ಮನಸ್ಸಿನಿಂದ ಬಂದರೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನಷ್ಟವಾಗಿದೆ ಎಂಬುದು ಅವನಿಗೆ ಗೊತ್ತಿದೆ. ‘ಆ ಕ್ಯಾಚ್‌ನಿಂದ ಏನೂ ಆಗಲಿಲ್ಲ’ ಎನ್ನುವುದು ಸುಳ್ಳು, ಅದನ್ನೂ ಅವನು ನಂಬುವುದಿಲ್ಲ. ಅವನಿಗೆ ಬೇಕಾಗಿರುವುದು ತಂಡದಲ್ಲಿ ತನ್ನ ಜಾಗ ಉಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರ. ‘ಮುಂದಿನ ಪಂದ್ಯದಲ್ಲೂ ಲಾಂಗ್ ಆನ್‌ನಲ್ಲಿ ನೀನೇ ನಿಲ್ಲುತ್ತೀಯ’ ಎಂದು ಹೇಳಿ, ಮತ್ತು ಮುಂದಿನ ಪಂದ್ಯದಲ್ಲಿ ಅವನನ್ನು ಅಲ್ಲಿಯೇ ನಿಲ್ಲಿಸಿ. ತಪ್ಪು ಮಾಡಿದವನನ್ನು ಚೆಂಡು ಬಾರದ ಮೂಲೆಗೆ ಸರಿಸುವುದು ಅವನನ್ನು ರಕ್ಷಿಸಿದಂತೆ ಕಾಣುತ್ತದೆ. ಅವನ ಪಾಲಿಗೆ ಅದು ತಂಡ ಕೊಟ್ಟ ತೀರ್ಪು. ನಾಯಕನ ಮಾತಿನ ಜೊತೆಗೆ ಆ ಹುಡುಗನ ಹತ್ತಿರದ ಗೆಳೆಯನೊಬ್ಬ ಪಂದ್ಯದ ಮಾತೇ ಇಲ್ಲದೆ ಅವನನ್ನು ಚಹಾಕ್ಕೆ ಕರೆದುಕೊಂಡು ಹೋಗಿ ಬಂದರೆ ಇನ್ನೂ ಒಳ್ಳೆಯದು.

ಹರಾಜಿನ ಟೂರ್ನಿಗಳಲ್ಲಿ ಒಂದು ವಿಶೇಷ ಕಷ್ಟವಿದೆ. ಹೆಚ್ಚು ಅಂಕ ಅಥವಾ ಹಣ ಕೊಟ್ಟು ಕೊಂಡ ಆಟಗಾರ ಎಡವಿದರೆ ತಂಡದ ಮಾಲೀಕರು ಎಲ್ಲರ ಎದುರು ಅವನ ಬೆಲೆಯನ್ನು ಎತ್ತಿ ಆಡುತ್ತಾರೆ. ಮಾಲೀಕರ ಜೊತೆ ನಾಯಕ ಟೂರ್ನಿಗೆ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು: ಆಟಗಾರರಿಗೆ ಹೇಳುವುದೇನಿದ್ದರೂ ನಾಯಕನ ಮೂಲಕ, ಪಂದ್ಯದ ದಿನ ಏನೂ ಇಲ್ಲ.

ಹಣದ ಮಾತು ಬಂದಿರುವುದರಿಂದ ಬೆಟ್ಟಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ತಂಡದ ಯಾರಾದರೂ ಪಂದ್ಯದ ಮೇಲೆ ಹಣ ಕಟ್ಟಿ ಕಳೆದುಕೊಂಡಿದ್ದರೆ ಸೋಲಿನ ನೋವಿಗೆ ಸಾಲದ ನೋವೂ ಸೇರುತ್ತದೆ, ಕ್ಯಾಚ್ ಬಿಟ್ಟವನ ಮೇಲೆ ಅನುಮಾನವೂ ಹುಟ್ಟುತ್ತದೆ. ಪಂದ್ಯಗಳ ಮೇಲೆ ಬೆಟ್ಟಿಂಗ್ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಕಳೆದುಕೊಂಡದ್ದನ್ನು ಮುಂದಿನ ಪಂದ್ಯದಲ್ಲಿ ವಾಪಸು ಗಳಿಸುತ್ತೇನೆಂದು ಹೊರಟವನನ್ನು ಅಂದೇ ತಡೆಯಿರಿ.

ಹೆಜ್ಜೆ 5: ಸ್ಕೋರ್‌ಶೀಟ್ ಓದುವುದು

ನೆನಪು ಕೊನೆಯ ಓವರ್ ಅನ್ನು ದೊಡ್ಡದು ಮಾಡುತ್ತದೆ, ಮೂರನೇ ಓವರ್ ಅನ್ನು ಅಳಿಸಿಹಾಕುತ್ತದೆ. ಸ್ಕೋರ್‌ಶೀಟ್‌ಗೆ ಆ ಪಕ್ಷಪಾತವಿಲ್ಲ. ಇಂದು ಬಹಳಷ್ಟು ಟೂರ್ನಿಗಳಲ್ಲಿ ಕ್ರಿಕ್‌ಹೀರೋಸ್‌ನಂತಹ ಆ್ಯಪ್‌ಗಳಲ್ಲಿ ಪ್ರತಿ ಎಸೆತದ ದಾಖಲೆ ಸಿಗುತ್ತದೆ. ಆ್ಯಪ್ ಇಲ್ಲದಿದ್ದರೆ ಮೈದಾನ ಬಿಡುವ ಮೊದಲು ಸ್ಕೋರರ್ ಪುಸ್ತಕದ ಎರಡೂ ಪುಟಗಳ ಫೋಟೊ ತೆಗೆದುಕೊಳ್ಳಿ. ಪಂದ್ಯ ಮುಗಿದ ಎರಡು ಅಥವಾ ಮೂರನೆಯ ದಿನ, ನಾಯಕ ಮತ್ತು ಇನ್ನೊಬ್ಬರು ಕುಳಿತು ಪೆನ್ನು ಹಿಡಿದು ಅದನ್ನು ಓದಬೇಕು.

ಹೇಗೆ ಓದುವುದೆಂಬುದನ್ನು ಒಂದು ಕಾಲ್ಪನಿಕ ಪಂದ್ಯದ ಮೂಲಕ ತೋರಿಸುತ್ತೇನೆ. ಪಂದ್ಯ 8 ಓವರ್‌ಗಳದ್ದು. ಎದುರಾಳಿಗಳು 83 ರನ್ ಮಾಡಿದರು, ನಾವು 78ಕ್ಕೆ ನಿಂತೆವು, 5 ರನ್‌ಗಳ ಸೋಲು. ಕೊನೆಯ ಓವರ್‌ನಲ್ಲಿ 12 ರನ್ ಬೇಕಿತ್ತು, ಕೊನೆಯ ಎಸೆತಕ್ಕೆ 6 ಬೇಕಿತ್ತು, ಬ್ಯಾಟ್ ಬೀಸಿದರೂ ಚೆಂಡು ಸಿಗಲಿಲ್ಲ. ಅದಕ್ಕೂ ಮೊದಲು ನಮ್ಮ ಫೀಲ್ಡಿಂಗ್‌ನಲ್ಲಿ 11 ರನ್‌ನಲ್ಲಿದ್ದ ಬ್ಯಾಟರ್‌ನ ಕ್ಯಾಚ್ ಕೈತಪ್ಪಿತ್ತು, ಆತ 34 ರನ್ ಮಾಡಿದ. ಮೈದಾನದಲ್ಲಿ ಎಲ್ಲರ ಬಾಯಲ್ಲೂ ಇರುವ ಕಾರಣಗಳು ಈ ಎರಡೇ: ಆ ಕ್ಯಾಚ್, ಆ ಕೊನೆಯ ಎಸೆತ.

ಈಗ ಪುಸ್ತಕ ನೋಡೋಣ. ಎದುರಾಳಿಗಳ 83 ರನ್‌ಗಳಲ್ಲಿ ನಾವು ಎಸೆದ ವೈಡ್‌ಗಳು 9, ನೋಬಾಲ್ 2, ಅದರಲ್ಲಿ ಒಂದು ಫ್ರೀ ಹಿಟ್‌ಗೆ ಸಿಕ್ಸರ್ ಹೋಗಿದೆ. ಒಟ್ಟು 17 ರನ್‌ಗಳು ಬೌಲಿಂಗ್‌ನ ಶಿಸ್ತಿನ ಕೊರತೆಯಿಂದ ಹೋದವು, ಸೋಲಿನ ಅಂತರಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಆ 9 ವೈಡ್‌ಗಳನ್ನು ಒಬ್ಬರೇ ಎಸೆದಿಲ್ಲ, ನಾಲ್ಕು ಬೌಲರ್‌ಗಳ ಹೆಸರಿನ ಮುಂದೆ ಹಂಚಿಹೋಗಿವೆ. ಇನ್ನು ನಮ್ಮ ಬ್ಯಾಟಿಂಗ್: 48 ಎಸೆತಗಳಲ್ಲಿ 21 ಡಾಟ್ ಬಾಲ್, ಅಂದರೆ ರನ್ ಬಾರದ ಎಸೆತಗಳು. ಮೊದಲ ಎರಡು ಓವರ್‌ಗಳಲ್ಲಿ 7, ಮೂರರಿಂದ ಆರನೇ ಓವರ್‌ವರೆಗೆ 10, ಕೊನೆಯ ಎರಡು ಓವರ್‌ಗಳಲ್ಲಿ 4. ಉಳಿದ 27 ಎಸೆತಗಳಲ್ಲಿ 5 ಸಿಕ್ಸರ್, 5 ಬೌಂಡರಿ, 5 ಬಾರಿ ಎರಡು ರನ್, 12 ಒಂಟಿ ರನ್, ಹೀಗೆ 72 ರನ್. ಇತರೆ ರನ್ 6. ಆ 21 ಡಾಟ್ ಬಾಲ್‌ಗಳಲ್ಲಿ ಆರನ್ನು ಒಂಟಿ ರನ್ ಆಗಿಸಿದ್ದರೆ ಪಂದ್ಯ ನಮ್ಮದಾಗುತ್ತಿತ್ತು.

ಇದನ್ನು ನೋಡಿದ ಮೇಲೆ ಕೊನೆಯ ಎಸೆತವನ್ನು ಆಡಿದವನ ಹೆಗಲ ಮೇಲಿನ ಭಾರ ಕಡಿಮೆಯಾಗುತ್ತದೆ. ಸಮಾಧಾನದ ಮಾತಿನಿಂದ ಆಗದ ಕೆಲಸವನ್ನು ಲೆಕ್ಕ ಮಾಡುತ್ತದೆ. ಕ್ಯಾಚ್ ವಿಷಯದಲ್ಲಿಯೂ ಪ್ರಾಮಾಣಿಕವಾಗಿರಿ: ಆ ಬ್ಯಾಟರ್ ಆಮೇಲೆ 23 ರನ್ ಮಾಡಿದ್ದು ನಿಜ, ಆದರೆ ಆತ ಔಟಾಗಿದ್ದರೆ ಅದೇ ಎಸೆತಗಳನ್ನು ಇನ್ನೊಬ್ಬ ಬ್ಯಾಟರ್ ಎದುರಿಸುತ್ತಿದ್ದ, ಆತನೂ ಕೆಲವು ರನ್ ಮಾಡುತ್ತಿದ್ದ. ಕ್ಯಾಚ್‌ನ ನಷ್ಟ 23 ಎಂದು ಹೇಳುವುದು ತಪ್ಪು ಲೆಕ್ಕ.

ನಮ್ಮ ಕೈಯಲ್ಲಿಲ್ಲದ ಸಂಗತಿಗಳನ್ನು ಪ್ರತ್ಯೇಕವಾಗಿ ಬರೆದಿಡಿ. ಟಾಸ್ ಅವುಗಳಲ್ಲಿ ಒಂದು. ರಾತ್ರಿ ಪಂದ್ಯಗಳಲ್ಲಿ ಇಬ್ಬನಿ ಬಿದ್ದ ಮೇಲೆ ಟೆನಿಸ್ ಚೆಂಡಿನ ಮೇಲಿನ ಉಣ್ಣೆ ನೀರು ಹೀರಿ ಚೆಂಡು ಭಾರವಾಗುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಎರಡನೆಯದಾಗಿ ಬೌಲ್ ಮಾಡಿದ ತಂಡಕ್ಕೆ ಅದರಿಂದ ನಿಜವಾದ ನಷ್ಟವಿದೆ. ಎದುರಾಳಿ ತಂಡ ನಮಗಿಂತ ಎರಡು ಮೆಟ್ಟಿಲು ಮೇಲಿದ್ದರೆ ಅದನ್ನೂ ಬರೆಯಿರಿ. ಬಲಿಷ್ಠರ ಎದುರು 5 ರನ್‌ಗಳಿಂದ ಸೋಲುವುದು ಮತ್ತು ದುರ್ಬಲರ ಎದುರು 5 ರನ್‌ಗಳಿಂದ ಸೋಲುವುದು ಒಂದೇ ಅಲ್ಲ.

ಹೆಜ್ಜೆ 6: ತಂಡದ ಸಭೆ

ಸಭೆ ಮೂರು ಅಥವಾ ನಾಲ್ಕನೆಯ ದಿನ ಇರಲಿ, ಮುಕ್ಕಾಲು ಗಂಟೆ ಮೀರದಿರಲಿ, ಬಾರ್‌ನಲ್ಲಂತೂ ಬೇಡ. ಯಾರದಾದರೂ ಮನೆಯ ಮಾಳಿಗೆಯೋ ಮೈದಾನದ ಕಟ್ಟೆಯೋ ಸಾಕು. ಸ್ಕೋರ್‌ಶೀಟ್‌ನ ಪ್ರತಿ ಎಲ್ಲರ ಫೋನಿನಲ್ಲೂ ಇರಬೇಕು.

ತಂಡದ ಅತ್ಯಂತ ಕಿರಿಯ ಆಟಗಾರನಿಂದ ಮಾತು ಆರಂಭಿಸಿ, ನಾಯಕ ಕೊನೆಯಲ್ಲಿ ಮಾತನಾಡಲಿ. ಹಿರಿಯರು ಮೊದಲು ಮಾತನಾಡಿದರೆ ಕಿರಿಯರು ಅದನ್ನೇ ಅನುಮೋದಿಸಿ ಸುಮ್ಮನಾಗುತ್ತಾರೆ. ಆದರೆ ಹತ್ತೊಂಬತ್ತರ ಹುಡುಗ ಪಾಯಿಂಟ್‌ನಲ್ಲಿ ನಿಂತು ನೋಡಿದ್ದು ಹಲವು ಸಲ ನಾಯಕನ ಕಣ್ಣಿಗೆ ಬಿದ್ದಿರುವುದಿಲ್ಲ. ಪ್ರತಿಯೊಬ್ಬರೂ ತಾವು ಮಾಡಿದ ಒಂದು ಒಳ್ಳೆಯ ಕೆಲಸ ಮತ್ತು ಬೇರೆ ರೀತಿ ಮಾಡಬಹುದಾಗಿದ್ದ ಒಂದು ಕೆಲಸವನ್ನು ಹೇಳಬೇಕು. ಇನ್ನೊಬ್ಬರ ತಪ್ಪನ್ನು ಹೇಳುವ ಸರದಿ ಇಲ್ಲಿ ಇಲ್ಲ. ‘ನೀನು ಯಾವಾಗಲೂ’ ಎಂದು ಶುರುವಾಗುವ ವಾಕ್ಯವನ್ನು ನಾಯಕ ಅಲ್ಲಿಯೇ ನಿಲ್ಲಿಸಬೇಕು. ‘ಐದನೇ ಓವರ್‌ನಲ್ಲಿ ಫೀಲ್ಡ್ ಬದಲಿಸಬಹುದಿತ್ತು’ ಎಂಬ ಮಾತಿಗೆ ಸ್ವಾಗತವಿದೆ, ಅದು ಘಟನೆಯ ಬಗ್ಗೆ ಇರುವ ಮಾತು.

ಸಭೆಯ ಕೊನೆಯಲ್ಲಿ ಎರಡೇ ಎರಡು ವಿಷಯಗಳನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಿ. ಮೇಲಿನ ಉದಾಹರಣೆಯ ತಂಡವಾದರೆ ವೈಡ್ ಮತ್ತು ಡಾಟ್ ಬಾಲ್. ಹತ್ತು ವಿಷಯಗಳ ಪಟ್ಟಿ ಮಾಡಿದ ತಂಡ ಒಂದನ್ನೂ ಅಭ್ಯಾಸ ಮಾಡುವುದಿಲ್ಲ. ಲೆಕ್ಕಪತ್ರವನ್ನೂ ಅದೇ ದಿನ ಮುಗಿಸಿ. ಪ್ರವೇಶ ಶುಲ್ಕದಲ್ಲಿ ಯಾರ ಪಾಲು ಬಾಕಿ, ಜೆರ್ಸಿಗೆ ಯಾರು ಕೈಯಿಂದ ಹಾಕಿದ್ದಾರೆ ಎಂಬುದು ಇತ್ಯರ್ಥವಾಗದೆ ಉಳಿದರೆ ಎರಡು ತಿಂಗಳ ಬಳಿಕ ಅದು ಸೋಲಿನ ಜಗಳದ ರೂಪದಲ್ಲೇ ಹೊರಬರುತ್ತದೆ.

ಹೆಜ್ಜೆ 7: ಅಭ್ಯಾಸವನ್ನು ಸೋಲಿಗೆ ಹೊಂದಿಸುವುದು

ಸೋತ ತಂಡಗಳು ಮರುವಾರ ನೆಟ್ಸ್‌ಗೆ ಬಂದು ಮೊದಲಿನಂತೆಯೇ ಒಬ್ಬೊಬ್ಬರು ಹತ್ತು ನಿಮಿಷ ದೊಡ್ಡ ಹೊಡೆತ ಹೊಡೆದು ಹೋಗುತ್ತಾರೆ. ಅದರಿಂದ ಯಾವ ದೋಷವೂ ಸರಿಹೋಗುವುದಿಲ್ಲ. ವೈಡ್ ತೊಂದರೆಯಿದ್ದರೆ ಕ್ರೀಸಿನ ಮೇಲೆ ವೈಡ್ ಗೆರೆಗಳನ್ನು ಸುಣ್ಣದಲ್ಲಿ ಎಳೆದು, ಬೌಲರ್‌ಗಳು ಓಡಿ ದಣಿದ ಮೇಲೆ ಆರಾರು ಎಸೆತ ಹಾಕಬೇಕು, ಒಂದು ವೈಡ್ ಆದರೆ ಓವರ್ ಮತ್ತೆ ಮೊದಲಿನಿಂದ. ಡಾಟ್ ಬಾಲ್ ತೊಂದರೆಯಿದ್ದರೆ ಇಬ್ಬರು ಬ್ಯಾಟರ್‌ಗಳಿಗೆ 12 ಎಸೆತ, ಪ್ರತಿ ಎಸೆತಕ್ಕೂ ಓಡಲೇಬೇಕು, ದೊಡ್ಡ ಹೊಡೆತಕ್ಕೆ ಅವಕಾಶವಿಲ್ಲ. ಚೆಂಡನ್ನು ಕಾಲ ಬುಡದಲ್ಲಿ ಬೀಳಿಸಿ ಓಡುವ ಕೌಶಲ ಟೆನಿಸ್ ಬಾಲ್ ಆಟದಲ್ಲಿ ಅಪರೂಪವಾಗುತ್ತಿದೆ.

ಕ್ಯಾಚ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ಟೆನಿಸ್ ಚೆಂಡು 56ರಿಂದ 59.4 ಗ್ರಾಂ ತೂಗುತ್ತದೆ. ಚರ್ಮದ ಕ್ರಿಕೆಟ್ ಚೆಂಡು ಸುಮಾರು 156ರಿಂದ 163 ಗ್ರಾಂ. ಹಗುರವಾದ ಟೆನಿಸ್ ಚೆಂಡು ಎತ್ತರದಲ್ಲಿ ಗಾಳಿಗೆ ಸಿಕ್ಕು ಹೊಯ್ದಾಡುತ್ತದೆ, ಅಂಗೈಗೆ ಬಿದ್ದ ಮೇಲೂ ಪುಟಿದು ಹೊರಗೆ ಹಾರುತ್ತದೆ. ಆದ್ದರಿಂದ ಕೈಗಳನ್ನು ಗಟ್ಟಿಯಾಗಿ ಚಾಚಿ ನಿಲ್ಲದೆ ಎದೆಯ ಮಟ್ಟದಲ್ಲಿ ಚೆಂಡನ್ನು ಬರಮಾಡಿಕೊಂಡು ಅದರ ಜೊತೆಗೇ ಹಿಂದಕ್ಕೆ ಎಳೆದುಕೊಳ್ಳಬೇಕು, ಬೆರಳುಗಳು ಕೂಡಲೇ ಮುಚ್ಚಬೇಕು. ರಾತ್ರಿ ಪಂದ್ಯದಲ್ಲಿ ಕ್ಯಾಚ್ ಬಿದ್ದಿದ್ದರೆ ಅಭ್ಯಾಸವೂ ದೀಪದ ಬೆಳಕಿನಲ್ಲೇ ನಡೆಯಬೇಕು, ಏಕೆಂದರೆ ಚೆಂಡು ದೀಪದ ಮಟ್ಟದಿಂದ ಮೇಲೆ ಹೋಗಿ ಒಂದು ಕ್ಷಣ ಕಾಣದಾಗುವ ಅನುಭವ ಹಗಲಿನಲ್ಲಿ ಸಿಗುವುದಿಲ್ಲ. ಈ ಅಭ್ಯಾಸವನ್ನು ಇಡೀ ತಂಡಕ್ಕೆ ಮಾಡಿಸಿ, ಒಬ್ಬನಿಗೆ ಮಾತ್ರ ಮಾಡಿಸಿದರೆ ಅದು ಶಿಕ್ಷೆಯಾಗುತ್ತದೆ.

ಲೀಗ್ ಹಂತದಲ್ಲಿ ಸೋತಿದ್ದರೆ

ಲೀಗ್ ಪಂದ್ಯ ಸೋತಾಗ ದುಃಖಕ್ಕಿಂತ ಮೊದಲು ನಿವ್ವಳ ರನ್ ರೇಟ್ ಲೆಕ್ಕ ಹಾಕಿ, ಅಂದರೆ ಪ್ರತಿ ಓವರ್‌ಗೆ ನಾವು ಮಾಡಿದ ಸರಾಸರಿ ರನ್‌ನಿಂದ ಎದುರಾಳಿಗಳ ಸರಾಸರಿಯನ್ನು ಕಳೆಯಿರಿ. ಆಲೌಟ್ ಆದ ತಂಡಕ್ಕೆ ಆಡಿದ ಓವರ್‌ಗಳ ಬದಲು ಪೂರ್ಣ ಓವರ್‌ಗಳನ್ನೇ ಎಣಿಸುತ್ತಾರೆ ಎಂಬುದು ಹಲವು ಹವ್ಯಾಸಿ ನಾಯಕರಿಗೆ ತಿಳಿದಿರುವುದಿಲ್ಲ. 8 ಓವರ್‌ಗಳಲ್ಲಿ ಎದುರಾಳಿಗಳು 78 ಮಾಡಿ, ನಾವು 6.3 ಓವರ್‌ಗಳಲ್ಲಿ (ಆರು ಓವರ್, ಮೂರು ಎಸೆತ) 62ಕ್ಕೆ ಆಲೌಟ್ ಆದರೆ ನಮ್ಮ ದರ 9.54 ಆಗುವುದಿಲ್ಲ, 62ನ್ನು 8ರಿಂದ ಭಾಗಿಸಿ 7.75 ಆಗುತ್ತದೆ. ಎದುರಾಳಿಗಳದು 9.75, ನಮಗೆ ಮೈನಸ್ 2.00. ಗೆಲುವು ಕೈತಪ್ಪಿತೆಂದು ತಿಳಿದ ಮೇಲೂ ವಿಕೆಟ್ ಉಳಿಸಿಕೊಂಡು 8 ಓವರ್ ಆಡಿ 70 ಮುಟ್ಟಿದ್ದರೆ ಮೈನಸ್ 1.00 ಆಗುತ್ತಿತ್ತು. ಸೆಮಿಫೈನಲ್ ಸ್ಥಾನ ಎಷ್ಟೋ ಸಲ ಈ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಮಕ್ಕಳ ತಂಡಗಳು

ಹದಿನಾಲ್ಕು, ಹದಿನಾರು ವರ್ಷದೊಳಗಿನವರ ಟೂರ್ನಿಗಳಲ್ಲಿ ಸೋತ ಮಕ್ಕಳಿಗೆ ಹೆಚ್ಚು ಪೆಟ್ಟು ಬೀಳುವುದು ಮನೆಗೆ ಮರಳುವ ದಾರಿಯಲ್ಲಿ. ಕಾರಿನಲ್ಲಿ ಪಂದ್ಯದ ವಿಷಯವನ್ನು ಮಗು ಎತ್ತುವವರೆಗೆ ಪೋಷಕರು ಎತ್ತಬಾರದು. ಅಳು ಬಂದರೆ ಅಳಲಿ, ‘ಗಂಡುಮಕ್ಕಳು ಅಳಬಾರದು’ ಎಂಬ ಮಾತನ್ನು ಇನ್ನಾದರೂ ಬಿಡಬೇಕು. ನೀನು ಆಡುವುದನ್ನು ನೋಡಲು ನನಗೆ ಇಷ್ಟ ಎಂದು ಹೇಳಿ, ತಿಂಡಿಗೆ ಎಲ್ಲಿ ನಿಲ್ಲಿಸಲಿ ಎಂದು ಕೇಳಿ. ತಾಂತ್ರಿಕ ಮಾತುಗಳನ್ನು ಕೋಚ್‌ಗೆ ಬಿಡಿ.

ಹೆಜ್ಜೆ 8: ದೊಡ್ಡ ಸೋಲಿನಿಂದ ಎದ್ದವರ ಕಾಲಾವಧಿ

ಮುಂದಿನ ಟೂರ್ನಿಯಲ್ಲೇ ಸೇಡು ತೀರಿಸಿಕೊಳ್ಳಬೇಕೆಂಬ ಆತುರ ಹವ್ಯಾಸಿ ತಂಡಗಳಲ್ಲಿ ಬಹಳ. ಅಂಥವರಿಗೆ ನಾನು ಮೈಸೂರಿನ ಪಂದ್ಯವನ್ನು ನೆನಪಿಸುತ್ತೇನೆ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಮೈದಾನದಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಮುಂಬೈ ಎದುರು ಗೆಲ್ಲಲು ಕರ್ನಾಟಕಕ್ಕೆ 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ರನ್ ಹೊಡೆದರು, ಗುರಿ ಕಣ್ಣಳತೆಗೆ ಬಂದಿತ್ತು, ಆದರೂ ತಂಡ 6 ರನ್‌ಗಳಿಂದ ಸೋತಿತು. ತವರಿನ ಪ್ರೇಕ್ಷಕರ ಮುಂದೆ ಅಂಥ ಸೋಲನ್ನು ನುಂಗುವುದು ಸುಲಭವಿರಲಿಲ್ಲ. ಕರ್ನಾಟಕ ರಣಜಿ ಟ್ರೋಫಿ ಎತ್ತಿದ್ದು 2013-14ರ ಋತುವಿನಲ್ಲಿ, ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ. ಮರುವರ್ಷ ಮತ್ತೆ ಗೆದ್ದಿತು, ಆ ಎರಡೂ ಋತುಗಳಲ್ಲಿ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಯನ್ನೂ ಗೆದ್ದಿತು. ವಿನಯ್, ಮನೀಶ್, ಅಭಿಮನ್ಯು ಮಿಥುನ್, ರಾಬಿನ್ ಉತ್ತಪ್ಪ, ಇವರೆಲ್ಲ ಮೈಸೂರಿನಲ್ಲಿ ಸೋತ ತಂಡದಲ್ಲಿದ್ದವರೇ. ನಡುವೆ ನಾಲ್ಕು ವರ್ಷ ಕಳೆದಿತ್ತು, ತಂಡದ ಬೆನ್ನೆಲುಬು ಹಾಗೆಯೇ ಉಳಿದಿತ್ತು.

ರಾಹುಲ್ ದ್ರಾವಿಡ್ ನಾಯಕರಾಗಿದ್ದ ಭಾರತ 2007ರ ವಿಶ್ವಕಪ್‌ನ ಗುಂಪು ಹಂತದಲ್ಲೇ ಹೊರಬಿತ್ತು, ಅದೇ ವರ್ಷ ಅವರ ನಾಯಕತ್ವದಲ್ಲೇ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಗೆದ್ದಿತು. ಕೋಚ್ ಆಗಿ ಅವರು 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಏಕದಿನ ವಿಶ್ವಕಪ್ ಫೈನಲ್ ಸೋಲನ್ನು ಕಂಡರು, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದ ಜೊತೆಗಿದ್ದರು. ಆ ಎರಡು ತಂಡಗಳಲ್ಲೂ ನಾಯಕ ರೋಹಿತ್ ಶರ್ಮಾ ಅವರೇ. ಸೋಲಿನ ಮರುದಿನ ಎಲ್ಲವನ್ನೂ ಬದಲಿಸಬೇಕೆಂದು ಕೂಗುವವರು ನಿಮ್ಮ ತಂಡದಲ್ಲೂ ಇದ್ದರೆ ಈ ದಿನಾಂಕಗಳನ್ನು ಅವರಿಗೆ ತೋರಿಸಿ.

ಬೇಸರ ಇಳಿಯದಿದ್ದರೆ

ಹೆಚ್ಚಿನವರಿಗೆ ವಾರದೊಳಗೆ ಮನಸ್ಸು ಹಗುರಾಗುತ್ತದೆ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಯಾವುದೂ ಸರಿಹೋಗದಿದ್ದರೆ, ಇಷ್ಟದ ಸಂಗತಿಗಳಲ್ಲೂ ಆಸಕ್ತಿ ಇಲ್ಲದಿದ್ದರೆ, ಅದು ಪಂದ್ಯದ ಸೋಲಿಗಷ್ಟೇ ಸಂಬಂಧಿಸಿದ್ದಲ್ಲದಿರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎಂಬಂತಹ ಮಾತು ಗೆಳೆಯನ ಬಾಯಿಂದ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಅವನ ಜೊತೆ ಕುಳಿತು, ಅವನ ಮನೆಯವರಿಗೆ ತಿಳಿಸಿ, ವೈದ್ಯರ ಬಳಿಗೆ ಕರೆದೊಯ್ಯಿರಿ.

ಹೆಜ್ಜೆ 9: ಮರಳಿ ಕಣಕ್ಕೆ

ಮೂರರಿಂದ ಐದು ವಾರಗಳ ನಂತರದ ಟೂರ್ನಿಯೊಂದನ್ನು ಆರಿಸಿಕೊಳ್ಳಿ. ಅದಕ್ಕಿಂತ ಮೊದಲಾದರೆ ಅಭ್ಯಾಸಕ್ಕೆ ಸಮಯವಿರುವುದಿಲ್ಲ, ತುಂಬಾ ತಡವಾದರೆ ತಂಡ ಚದುರುತ್ತದೆ. ಸಾಧ್ಯವಾದರೆ ನಾಕೌಟ್ ಬದಲು ಲೀಗ್ ಮಾದರಿಯದನ್ನು ಆರಿಸಿ, ಕನಿಷ್ಠ ಮೂರು ಪಂದ್ಯಗಳಾದರೂ ಸಿಗುತ್ತವೆ. ಸೋತ ತಂಡಕ್ಕೆ ಆಟದ ಸಮಯ ಬೇಕು. ಟೂರ್ನಿಗೆ ಮೊದಲು ಪರಿಚಿತ ತಂಡದೊಂದಿಗೆ ಒಂದು ಸ್ನೇಹಪೂರ್ವಕ ಪಂದ್ಯ ಆಡಿದರೆ ಸಭೆಯಲ್ಲಿ ಆರಿಸಿಕೊಂಡ ಎರಡು ವಿಷಯಗಳು ಎಷ್ಟು ಸುಧಾರಿಸಿವೆ ಎಂಬುದು ಗೊತ್ತಾಗುತ್ತದೆ. ಆ ದಿನ ಗೆಲುವನ್ನು ಎಣಿಸಬೇಡಿ, ವೈಡ್ ಮತ್ತು ಡಾಟ್ ಬಾಲ್‌ಗಳನ್ನು ಎಣಿಸಿ.

ಬಲ ಹೆಚ್ಚಿಸಲು ಹೊರಗಿನ ಆಟಗಾರರನ್ನು ಕರೆತರುವ ಆಸೆ ಈ ಹಂತದಲ್ಲಿ ಬರುತ್ತದೆ. ಒಬ್ಬರನ್ನು ತಂದರೆ ತಪ್ಪಿಲ್ಲ. ಕಳೆದ ಪಂದ್ಯದಲ್ಲಿ ಎಡವಿದವನ ಜಾಗಕ್ಕೇ ಅವರನ್ನು ತರುವುದಾದರೆ ಅದಕ್ಕೆ ಮೊದಲು ಅವನ ಜೊತೆ ಮಾತನಾಡಿರಬೇಕು, ಪಂದ್ಯದ ಬೆಳಿಗ್ಗೆ ಟಾಸ್‌ ಹೊತ್ತಿಗೆ ತಂಡದ ಪಟ್ಟಿ ನೋಡಿ ಅವನಿಗೆ ತಿಳಿಯುವಂತಾಗಬಾರದು.

ಪ್ರವೇಶ ಶುಲ್ಕ ಕಟ್ಟುವ ಮೊದಲು ನಿಯಮಾವಳಿಯನ್ನು ತರಿಸಿಕೊಂಡು ಇಡೀ ತಂಡ ಓದಲಿ: ಒಬ್ಬ ಬೌಲರ್‌ಗೆ ಎಷ್ಟು ಓವರ್, ಬೌಲಿಂಗ್ ಶೈಲಿಗೆ ಯಾವ ನಿರ್ಬಂಧ, ನೋಬಾಲ್‌ಗೆ ಫ್ರೀ ಹಿಟ್ ಇದೆಯೇ, ಪಂದ್ಯ ಟೈ ಆದರೆ ಏನು, ಮಳೆ ಬಂದರೆ ಏನು, ಅಂಪೈರ್‌ಗಳು ಯಾರು. ಕ್ಯಾಚ್ ಬಿಟ್ಟ ಹುಡುಗನ ಹೆಸರು ಹನ್ನೊಂದರ ಪಟ್ಟಿಯಲ್ಲಿ ಇರುವುದನ್ನು ಖಚಿತಪಡಿಸಿಕೊಂಡು ಆ ಪಟ್ಟಿಯನ್ನು ಸಂಘಟಕರಿಗೆ ಕಳಿಸಿ.